ಐದು ಪಾಯಿಂಟ್ ಆರು ಏಳು ಎಂಟು

ರಾಸ್ ಅಲ್ ಖೈಮಾದಲ್ಲಿ ಆಗಸ್ಟ್. ಬೆಳಿಗ್ಗೆ ಏಳಕ್ಕೇ
ಕಾರಿಂದ ಇಳಿದರೆ ಕನ್ನಡಕ ಬೆವರುತ್ತದೆ.
ಮೇಜಿನ ಮೇಲೆ ಹಾತೆಮ್ ಕಳಿಸಿದ ಕಡತ:
ಗೋದಾಮಿನ ಮಾಡು, ಗಾಜುನಾರಿನ ಹಾಸು,
ಅಮೆರಿಕದ ಕಂಪನಿ, ಆರ್-ಹತ್ತೊಂಬತ್ತು.
ಕೆಳಗೆ ಪೆನ್ಸಿಲಿನಲ್ಲಿ ಅವನದೇ ಅಕ್ಷರ,
ಯು: ಸೊನ್ನೆ ಪಾಯಿಂಟ್ ಸೊನ್ನೆ ಐದು.
ಒಂದನ್ನು ಹತ್ತೊಂಬತ್ತರಿಂದ ಭಾಗಿಸಿದ್ದಾನೆ, ಅಷ್ಟೆ.
ಅಂಥ ಮಾಡು ನಿಜಕ್ಕೂ ಇದ್ದಿದ್ದರೆ
ಮೀನಿನವರು ಐಸು ಕೊಳ್ಳುವುದನ್ನೇ ಬಿಡುತ್ತಿದ್ದರು.

ಆರ್ ಎಂದರೆ ತಡೆ, ಹೆಚ್ಚಿದಷ್ಟೂ ಲೇಸು.
ಯು ಎಂದರೆ ಸೋರಿಕೆ, ಇಳಿದಷ್ಟೂ ಲೇಸು.
ಒಂದನ್ನು ತಲೆಕೆಳಗು ಮಾಡಿದರೆ ಇನ್ನೊಂದು.
ಆದರೆ ಅದಕ್ಕೂ ಮೊದಲು
ಅಡಿ, ಫ್ಯಾರನ್‌ಹೀಟುಗಳ ಊರಿಂದ
ಮೀಟರು, ವಾಟುಗಳ ಊರಿಗೆ ದಾಟಬೇಕು.
ನಡುವೆ ಸುಂಕದ ಕಟ್ಟೆ:
ಐದು ಪಾಯಿಂಟ್ ಆರು ಏಳು ಎಂಟು.
ಭಾಗಿಸಿದೆ: ಮೂರು ಪಾಯಿಂಟ್ ಮೂರು ಐದು.
ಮಗುಚಿದೆ: ಸೊನ್ನೆ ಪಾಯಿಂಟ್ ಎರಡು ಒಂಬತ್ತು ಒಂಬತ್ತು.
ಕಡತದ ಮಿತಿ ಸೊನ್ನೆ ಪಾಯಿಂಟ್ ಮೂರು.
ಕೂದಲೆಳೆಯಲ್ಲಿ ಪಾಸು.

ಹದಿನಾಲ್ಕು ಸೇರಿಗೆ ಕಳಸೆ, ಮೂರು ಕಳಸೆಗೆ ಮುಡಿ,
ಅಕ್ಕಿಯಂಗಡಿಯ ಗಲ್ಲಾದ ಹಿಂದೆ ಕೂತು
ದೊಡ್ಡಮ್ಮ ಬಾಯಿಪಾಠ ಮಾಡಿಸುತ್ತಿದ್ದಳು.
ನನಗೀಗ ನೆನಪಾಗುವುದು ಲೆಕ್ಕವಲ್ಲ, ಹುಲ್ಲು.
ಬಿಗಿದು ಸುತ್ತಿದ ಬೈಹುಲ್ಲಿನ ಟೊಳ್ಳುಗಳಲ್ಲಿ
ಸಿಕ್ಕಿಬಿದ್ದ ಗಾಳಿ;
ಕೈ ತೂರಿಸಿದರೆ ಮೇ ತಿಂಗಳಲ್ಲೂ ತಣ್ಣನೆಯ ಅಕ್ಕಿ.
ಅಳತೆಯೇ ಅಂಗಿ ತೊಟ್ಟು ಕೂತಿತ್ತು.
ಅದರ ಆರ್ ಎಷ್ಟೆಂದು ಯಾರೂ ಬರೆದಿಡಲಿಲ್ಲ.

ನಾಲ್ಕಕ್ಕೆ ಸೈಟು. ಏಣಿ ಮುಟ್ಟಿದರೆ ಅಂಗೈ ಸುಡುತ್ತದೆ.
ಪೊಡಿಯಬ್ಬ ತೋರಿಸಿದ: ಆರೂಕಾಲು ಇಂಚಿನ ಹಾಸು
ಉಕ್ಕಿನ ಪಟ್ಟಿಯಡಿ ನುಜ್ಜಾಗಿ ಎರಡು ಇಂಚು.
'ಒತ್ತಿದ್ರೆ ಒಳಗಿನ ಗಾಳಿ ಸಾಯ್ತದೆ ಮೇಡಂ,
ಮತ್ತೆ ಇದು ಬರೀ ಕಂಬಳಿ.'
ಮಣಿಕಟ್ಟಿನಲ್ಲಿ ಗಾಜಿನ ತುರಿಕೆ, ಕೆಂಪು ಗೆರೆಗಳು.
ಬೆಳಗಿನ ನನ್ನ ಕೂದಲೆಳೆ
ಅಲ್ಲೇ ಕಡಿಯಿತು.

ಕಡತ ವಾಪಸು, ತಿದ್ದಿ ಮತ್ತೆ ಕಳಿಸಿ ಎಂದು ಬರೆಯುತ್ತ
ಸುಮ್ಮನೆ ಕೇಳಿದೆ, ನಿಮ್ಮ ಕ್ಯಾಬಿನ್ನಿನ ಮಾಡು?
'ತಗಡು. ಎಂಟು ಜನ, ಒಂದು ಏಸಿ.
ಮೇಲಿನ ಮಂಚದವ
ಹನ್ನೊಂದರವರೆಗೆ ಹೊರಗೇ ಕೂತಿರ್ತಾನೆ.'

ಹನ್ನೊಂದು ಗಂಟೆ.
ಇದನ್ನು ಯಾವುದರಿಂದ ಭಾಗಿಸಲಿ?

ಮೂಲೆಯಲ್ಲಿ ಕತ್ತರಿಸಿ ಉಳಿದ ತುಂಡುಗಳು.
ಟೇಪು ಹಿಡಿದು ಅಳೆದೆ, ಹದಿನಾರು ಚದರ ಮೀಟರು.
ವರದಿಯಲ್ಲಿ ಬರೆದೆ: ತ್ಯಾಜ್ಯ, ವಿಲೇವಾರಿಯಾಗಿದೆ.
ಪೊಡಿಯಬ್ಬ ನನ್ನ ಪೆನ್ನನ್ನೇ ನೋಡಿದ,
ಆಮೇಲೆ ಬೆಳ್ಳಿಹಾಳೆಯ ಟೇಪಿಗಾಗಿ ಕೈಚಾಚಿದ.

ಎರಡು ವಾರ ಕಳೆದು ಸಿಕ್ಕಿದ.
ಮೇಲಿನ ಮಂಚದವ ಈಗ ಎಷ್ಟಕ್ಕೆ ಒಳಗೆ ಹೋಗುತ್ತಾನೆ?
'ಒಂಬತ್ತೂವರೆ,' ಅಂದ.
ತುಸು ಯೋಚಿಸಿ,
'ಶಮಾಲ್ ಬೀಸಿದ್ರೆ ಒಂಬತ್ತು.'