ಗಾಳಿಮರೆ

ನನ್ನ ಮೇಜಿನ ಎಡಗಡೆ ಡ್ರಾಯರಿನಲ್ಲಿ ಹಸಿರು ಹಾಳೆಗಳ ಕಟ್ಟು.
ಇಂಗ್ಲಿಷ್ ಸಾಹಿತ್ಯದಲ್ಲಿ ಎಂ.ಎ. ಆಗಬೇಕೆನ್ನುವವರು
ಅದರ ಹನ್ನೊಂದು ಚೌಕಗಳನ್ನೂ ದಾಟಬೇಕು.
ಟಿಕ್ಕು ಹಾಕುವವಳು ನಾನು, ಹತ್ತೊಂಬತ್ತು ವರ್ಷದಿಂದ.
ಪದ್ಯ ನನಗೆ ತಿಳಿಯುವುದಿಲ್ಲ,
ಚೌಕ ತಿಳಿಯುತ್ತದೆ.

ಮೂವತ್ತಮೂರು ಕ್ರೆಡಿಟ್. ಅದರಲ್ಲಿ ಮೂರಾದರೂ
ಸಾವಿರದ ಎಂಟುನೂರಕ್ಕೆ ಮುಂಚೆ ಸತ್ತವರದ್ದಿರಬೇಕು.
ಸಿದ್ಧಾಂತ ಒಂದು, ಸಂಶೋಧನಾ ವಿಧಾನ ಒಂದು.
ಮೂವರು ಮೇಷ್ಟ್ರ ಮುಂದೆ ಎರಡು ಗಂಟೆ ಬಾಯಿಪರೀಕ್ಷೆ
(ನೀರು ಕೊಡುತ್ತೇವೆ).
ಪ್ರಬಂಧದ ಎಡ ಅಂಚು ಒಂದೂವರೆ ಇಂಚು,
ಬೈಂಡು ಹಾಕುವವನ ಸೂಜಿಗೆ ಜಾಗ ಬೇಕಲ್ಲ.
ಏಳನೇ ಚೌಕ: ಇಂಗ್ಲಿಷಲ್ಲದ ಒಂದು ಭಾಷೆ.

ವ್ಲಾಸ್ತಾ ಪೊಸ್ಪಿಶಿಲ್ ಬಂದಾಗ ಅವಳಿಗೆ ಐವತ್ತೆಂಟು.
ಕೌಂಟಿ ಆಸ್ಪತ್ರೆಯ ಲಾಂಡ್ರಿಯಲ್ಲಿ ರಾತ್ರಿ ಪಾಳಿ;
ಬೆಳಗಿನ ಎಂಟರ ಕ್ಲಾಸಿನಲ್ಲಿ ಕೂತರೆ
ಮೊಣಕೈಯಿಂದ ಬ್ಲೀಚಿನ ವಾಸನೆ,
ಪುಟದ ಗುರುತಿಗೆ ಹಾಸಿಗೆವಸ್ತ್ರದ ಲೆಕ್ಕದ ಚೀಟಿ.
ಏಳನೆಯದರ ಮೇಲೆ ಬೆರಳಿಟ್ಟು ಕೇಳಿದಳು:
‘ಫ್ರೆಂಚು, ಜರ್ಮನ್, ಲ್ಯಾಟಿನ್, ಸ್ಪ್ಯಾನಿಷ್. ಇಷ್ಟೇನಾ ಆರ್ಡಿಸ್?
ನನ್ನ ಹತ್ತಿರ ಚೆಕ್ ಇದೆ.’
ಫೀಸಿನ ಕಿಟಕಿ ಕೆಳಗಡೆ ಇದೆ, ಅಂದೆ.

ಅದು ಅಜ್ಜಿಯ ಚೆಕ್,
ಊಟದ ಮೇಜಿನಡಿ ಕೂತು ಕಲಿತದ್ದು.
ಡಾಕ್ಟರ್ ಎಂಗೆಬ್ರೆಟ್ಸನ್ ನಿಯಮದ ಪುಸ್ತಕ ತಿರುವಿಹಾಕಿ
‘ಕೂಡದು ಅಂತೇನೂ ಇಲ್ಲ,
ತಿದ್ದುವವರು ಸಿಕ್ಕರೆ ಆಗಲಿ’ ಎಂದರು.

ಸಿಗಬೇಕಲ್ಲ.
ಲಿಂಕನ್ನಿನವರು ಒಮಾಹಾಗೆ ಕೇಳಿ ಎಂದರು,
ಒಮಾಹಾದವರು ಲಿಂಕನ್ನಿಗೆ.
ಕಟುಕನಿಗೆ ಬರುತ್ತಿತ್ತು, ಬೈಗುಳ ಸಮೇತ; ಡಿಗ್ರಿ ಇರಲಿಲ್ಲ.
ಕೊನೆಗೆ ಗಣಿತದಿಂದ ನಿವೃತ್ತರಾದ ಬೊಹುಮಿರ್ ಸ್ಟೆಕ್ಲಿ
ಕೋಲೂರಿಕೊಂಡು ಮೂರು ಮಹಡಿ ಹತ್ತಿ ಬಂದರು.
ಮನೆಯಲ್ಲಿ ಕತೆ ಕಾದಂಬರಿ ಒಂದೂ ಇಲ್ಲವಂತೆ,
ಜೇನು ಸಾಕುವವರ ಕೈಪಿಡಿಯೊಂದನ್ನು ತಂದಿದ್ದರು.
ಐನೂರು ಪದ, ಎರಡು ಗಂಟೆ, ಒಂದು ನಿಘಂಟು.

ಬಾಗಿಲ ಗಾಜಿನಿಂದ ನೋಡುತ್ತಿದ್ದೆ.
ಮೊದಲ ಗಂಟೆ ಪೆನ್ಸಿಲು ನಿಲ್ಲಲೇ ಇಲ್ಲ.
ಆಮೇಲೆ ನಿಂತಿತು.
ಜೇನುಪೆಟ್ಟಿಗೆಯನ್ನು ಎಲ್ಲಿಡಬೇಕು ಎನ್ನುವ ಕಡೆ ಒಂದು ಪದ,
ಜಾವ್ಯೆತ್ರ್ಷಿ,
ಅದರ ಕೊನೆಗೆ ಈಗಲೂ ನನ್ನ ನಾಲಿಗೆ ತೊಡರುತ್ತದೆ.
ನಿಘಂಟು ಮುಚ್ಚಿ ಕಿಟಕಿಯತ್ತ ನೋಡುತ್ತ ಕೂತಳು.
ಹೊರಗೆ ಏಪ್ರಿಲ್ಲಿನ ಗಾಳಿ
ಯಾರದೋ ಟೋಪಿಯನ್ನು ಪಾರ್ಕಿಂಗಿನ ಉದ್ದಕ್ಕೂ ಉರುಳಿಸುತ್ತಿತ್ತು.
ನಲವತ್ತು ನಿಮಿಷ. ನಾನು ಗಡಿಯಾರ ನೋಡುವುದು ಬಿಟ್ಟೆ.

ಅವಳು ಬರೆದದ್ದು ಇಷ್ಟು:
ಮನೆಯ ಯಾವ ಮಗ್ಗುಲಲ್ಲಿ ನಿಂತರೆ
ಅಜ್ಜಿಯ ತಲೆವಸ್ತ್ರ ಹಾರುವುದಿಲ್ಲವೋ, ಆ ಮಗ್ಗುಲು.

‘ಕೈಪಿಡಿಯಲ್ಲಿ ಅಜ್ಜಿ ಎಲ್ಲಿಂದ ಬಂದಳು?’
ಎಂಗೆಬ್ರೆಟ್ಸನ್ನರ ಕೆಂಪು ಪೆನ್ನು ಹಾಳೆಗೆ ತಾಗಿತು.
‘ಇಂಗ್ಲಿಷಿನಲ್ಲಿ ಲೀ ಅಂತ ಮಾತಿದೆ. ಮೂರೇ ಅಕ್ಷರ.’
‘ಗೊತ್ತು,’ ಎಂದಳು ವ್ಲಾಸ್ತಾ.
‘ಅದು ಹಡಗಿನವರದು.
ಇಲ್ಲಿಂದ ಸಮುದ್ರ ಎರಡು ದಿನದ ದಾರಿ.’

ಸ್ಟೆಕ್ಲಿ ಕನ್ನಡಕ ತೆಗೆದರು, ಒರೆಸಿದರು, ಹಾಕಿಕೊಳ್ಳಲಿಲ್ಲ.
‘ಎರಡು ಬದಿಯೂ ಸಮ ಇದೆ’ ಅಂದರು,
ಬೋರ್ಡಿನ ಮೇಲಿನ ಲೆಕ್ಕ ನೋಡಿ ಹೇಳಿದ ಹಾಗೆ.
ಜೇನು ಸಾಕುತ್ತಿದ್ದವರು ಯಾರೆಂದು ನಾವ್ಯಾರೂ ಕೇಳಲಿಲ್ಲ.

ಟಿಕ್ಕು ಒತ್ತಿ ಹಾಕಿದೆನೇನೋ,
ಹಸಿರು ಹಾಳೆ ಅಲ್ಲಿ ತೂತಾಗಿದೆ.

ಈಗ ಬಸ್ಸಿಗೆ ಕಾಯುವಾಗ
ಶೆಲ್ಟರಿನ ಗಾಜುಗೂಡಿಗೆ ನಾನು ಹೋಗುವುದಿಲ್ಲ.
ಗ್ರಂಥಾಲಯದ ಪೂರ್ವದ ಗೋಡೆಗೆ ಬೆನ್ನು ಕೊಟ್ಟರೆ
ಕೂದಲು ಕೂತಲ್ಲೇ ಕೂರುತ್ತದೆ.

ವ್ಲಾಸ್ತಾಳ ಪದವಿಪತ್ರ ಇನ್ನೂ ನನ್ನ ಬಳಿಯೇ ಇದೆ.
ಹನ್ನೊಂದನೇ ಚೌಕ: ಗ್ರಂಥಾಲಯದ ಬಾಕಿ,
ನಾಲ್ಕು ಡಾಲರ್ ಇಪ್ಪತ್ತು ಸೆಂಟು.
ಹಿಮ ಬಿರುಸಾಗಿದ್ದ ರಾತ್ರಿ, ಪಾಳಿಗೆ ಹೋಗುತ್ತ
ಹೊರಗಿನ ಡಬ್ಬಿಗೆ ಪುಸ್ತಕ ಹಾಕಿದ್ದೆ ಎನ್ನುತ್ತಾಳೆ.
ಸೀಲು ಮರುದಿನದ್ದು.
ನಾನು ಕಟ್ಟುತ್ತೇನೆ ಅಂದರೆ ಒಪ್ಪುವುದಿಲ್ಲ.
ತಾರೀಖು ತಿದ್ದಲಿ, ಅನ್ನುತ್ತಾಳೆ.