ಖಾಲಿ–೧

ಹೊಸ ಚಿಪ್ಪುಗಳಿಗೂ ಎಲ್ಲ ಗೊತ್ತು, ಬಾಯಿ ಬಿಡುವುದಿಲ್ಲ.
ಒಳಗೊಳಗೇ ಅಳೆದು, ತಿದ್ದಿ,
ನಮಗೆ ಕೊಡುವುದು ಬರೀ ನಾಲ್ಕು ಕಡ್ಡಿ.
ಹಾಗಾಗಿ ಈ ಮುದಿ ಕಾರ್ಡು:
ಶಾರ್ಜಾದ ಹಳೇ ಲ್ಯಾಪ್‌ಟಾಪ್ ರಾಶಿಯಲ್ಲಿ
ಹದಿನೆಂಟು ದಿರ್ಹಮಿಗೆ ಸಿಕ್ಕಿದ್ದು,
ಬಸ್ಸಿನಲ್ಲಿ ಗಡಿ ದಾಟಿ ಸೊಹಾರಿಗೆ ಬಂದದ್ದು
ನನ್ನ ಊಟದ ಡಬ್ಬಿಯಲ್ಲಿ, ಉಪ್ಪಿನಕಾಯಿಯ ಪಕ್ಕ.

ಯಾರೋ ಪುಣ್ಯಾತ್ಮರು ಇದರ ಬುದ್ಧಿ ತಿದ್ದುವ ದಾರಿ ಕಂಡಿದ್ದರು.
ಹಳೇ ಕರ್ನಲ್, ಹಳೇ ಡ್ರೈವರ್,
ಮೂರು ರಾತ್ರಿ, ಏಳು ಸಲ ಸತ್ತು ಹುಟ್ಟಿದ ಲ್ಯಾಪ್‌ಟಾಪು.
ಎಂಟನೇ ಸಲಕ್ಕೆ
ಗಂಟಲು ಸರಿಮಾಡಿಕೊಂಡು ಮಾತಾಡಿತು:
ಒಂದೊಂದು ಪ್ಯಾಕೆಟ್ಟಿಗೆ ಮೂವತ್ತು ಎಳೆ,
ಸೆಕೆಂಡಿಗೆ ನೂರು ಪ್ಯಾಕೆಟ್ಟು,
ಗೋಡೆಗೆ ಬಡಿದದ್ದು, ಕಪಾಟಿಗೆ ಬಡಿದದ್ದು,
ನೇರ ಬಂದದ್ದು, ಸುತ್ತಿ ಬಳಸಿ ತಡವಾಗಿ ಬಂದದ್ದು,
ಎಲ್ಲ ಕೂಡಿ ಕಳೆದು ಉಳಿದ ಲೆಕ್ಕ.

ಎಳೆಗೆ ಎರಡು ಗುಣ. ಎತ್ತರವನ್ನು ನಂಬಬಹುದು.
ಇನ್ನೊಂದು, ಪಠ್ಯದಲ್ಲಿ ಪ್ರಾವಸ್ಥೆ,
ಚಂದ್ರನಿಗಾದರೆ ಕಲೆ ಅನ್ನುತ್ತೇವೆ,
ಅದು ಸುಳ್ಳುಬುರುಕ.
ಕಳಿಸುವವನ ಗಡಿಯಾರ, ಕೇಳುವವನ ಗಡಿಯಾರ
ಎಂದೂ ಹೊಂದುವುದಿಲ್ಲ;
ಮನೆಗೆ ಫೋನು ಮಾಡುವಾಗಿನ ಒಂದೂವರೆ ಗಂಟೆಯ ಹಾಗೆ
ಕೂಡಿ, ಕಳೆದು, ಆಮೇಲೆ ಅರ್ಥ.

ಮೋಝಾ ಮೇಡಂ ಹೇಳಿದ್ದು:
ಮೊದಲು ಖಾಲಿ ಕೋಣೆ ಅಳೆ.
ಖಾಲಿ ಗೊತ್ತಿಲ್ಲದವನಿಗೆ ಮನುಷ್ಯ ಗೊತ್ತಾಗುವುದಿಲ್ಲ.

ಅಳೆದೆ. ಆಗಸ್ಟಿನ ರಾತ್ರಿ, ಎರಡೂವರೆ.
ಕುರ್ಚಿ ಹೊರಗೆ, ನಾನು ಹೊರಗೆ,
ಪರದೆ ಬಿಚ್ಚಿದ್ದೆ, ಕೋಣೆಯ ಏಸಿ ಆರಿಸಿದ್ದೆ.
ಕಾರಿಡಾರಿನ ಚಳಿಯಲ್ಲಿ ಕೂತು ನೋಡಿದರೆ
ಹನ್ನೊಂದನೇ ಎಳೆ
ಮೆಲ್ಲಗೆ ಏರುತ್ತದೆ, ಇಳಿಯುತ್ತದೆ.
ನಿಮಿಷಕ್ಕೆ ಹದಿನಾಲ್ಕು.

ಆಂಟೆನಾ ತಿರುಗಿಸಿದೆ. ಹದಿನಾಲ್ಕು.
ವೈರು ಬದಲಿಸಿದೆ. ಹದಿನಾಲ್ಕು.
ನನ್ನದೇ ಇರಬೇಕೆಂದು ಉಸಿರು ಬಿಗಿಹಿಡಿದೆ.
ಅದು ಹಿಡಿಯಲಿಲ್ಲ.
ಒಮ್ಮೆ ನಿಂತು, ಒಮ್ಮೆ ದೊಡ್ಡದಾಗಿ ಎದ್ದು
ಮತ್ತೆ ಶುರು,
ಮಗ್ಗುಲು ಬದಲಿಸಿದವರ ಹಾಗೆ.

ಜಿಪ್ಸಂ ಗೋಡೆಯಾಚೆ ಸಾಮಾನು ಕೋಣೆ.
ಬಾಗಿಲು ತಳ್ಳಿದೆ.
ಫಿನಾಯಿಲ್ ಕ್ಯಾನು, ನೆಲ ಒರೆಸುವ ಕೋಲು, ಕೆಟ್ಟ ಫ್ರಿಜ್ಜು,
ರಟ್ಟಿನ ಮೇಲೆ ತೊಫಜ್ಜಲ್ ಭಾಯಿ,
ನಮ್ಮ ಮಹಡಿ ಗುಡಿಸುವವನು,
ಅಂಗಿ ಮಡಚಿ ತಲೆಗಿಟ್ಟು.
ಕ್ಯಾಂಪಿನಲ್ಲಿ ಏಸಿ ಕೆಟ್ಟು ಒಂಬತ್ತು ದಿನ ಎಂದು
ಲಿಫ್ಟಿನಲ್ಲಿ ಹೇಳಿದ್ದ; ನಾನು ಅಚ್ಛಾ ಅಂದಿದ್ದೆ.
ಇಲ್ಲಿ ಮಲಗುವ ಹಾಗಿಲ್ಲ. ಸಿಕ್ಕಿಬಿದ್ದರೆ ಕೆಲಸ, ವೀಸಾ, ಎರಡೂ.

ಕ್ಯಾಮೆರಾಗಳಿಗೆ ತಪ್ಪಿಸಿಕೊಂಡು ಬಂದವನನ್ನು
ಉಪ್ಪಿನಕಾಯಿ ವಾಸನೆಯ ಕಾರ್ಡು ಹಿಡಿದುಕೊಟ್ಟಿದೆ.
ಮುಖ ಇಲ್ಲ, ಹೆಸರಿಲ್ಲ,
ಎದೆಗೂಡಿನ ಅರ್ಧ ಬೆರಳಿನ ಏರಿಳಿತ.
ಬಾಗಿಲು ಎಳೆದುಕೊಂಡೆ, ಸದ್ದಾಗದಂತೆ.

ದಾಖಲೆ ಪುಸ್ತಕದಲ್ಲಿ ಬರೆದೆ:
ಖಾಲಿ–೧. ಅಡಚಣೆ ಇದೆ.
ಮೂಲ: ಪಕ್ಕದ ಕೋಣೆಯ ಫ್ರಿಜ್ಜು.

ಬೆಳಿಗ್ಗೆ ಮೇಡಂ ಗೆರೆ ನೋಡಿದರು. ತುಂಬ ಹೊತ್ತು.
ಪೆನ್ಸಿಲ್ ತುದಿಯಲ್ಲಿ ಎಣಿಸಿದರು, ತುಟಿ ಅಲ್ಲಾಡಿಸದೆ.
ಆ ಫ್ರಿಜ್ಜಿಗೆ ಪ್ಲಗ್ಗೇ ಇಲ್ಲವಲ್ಲ, ಅಂದರು.
ನಾನು ಕಿಟಕಿಯಾಚೆ ನೋಡಿದೆ; ಬಂದರಿನ ಕಡೆ ಧೂಳು.
"ಶುಕ್ರವಾರ ಮಧ್ಯಾಹ್ನ ಇನ್ನೊಮ್ಮೆ ಅಳೆ.
ಆಗ ಫ್ರಿಜ್ಜು ನಮಾಜಿಗೆ ಹೋಗಿರುತ್ತದೆ."

ಖಾಲಿ–೨ ಚೆನ್ನಾಗಿ ಬಂತು, ಮೂವತ್ತೂ ಎಳೆ ನೇರ.
ಪ್ರಬಂಧಕ್ಕೆ ಅದೇ.
ಖಾಲಿ–೧ ಅಳಿಸಬೇಕು.
ದಿನಾ ಅಂದುಕೊಳ್ಳುತ್ತೇನೆ.