ಸರ್ವರ್ ಇಲ್ಲದ ಹೊತ್ತು

ನಾಡಕಚೇರಿಯ ಕಿಟಕಿಯಲ್ಲಿ ಬಗ್ಗಿ ಕೇಳಿದರು ರೇವಣಸಿದ್ಧಪ್ಪ,
ಕಲಬುರಗಿ ಕಡೆಯವರು, ನವೆಂಬರಿಗೇ ಮಫ್ಲರ್ ಸುತ್ತಿಕೊಂಡವರು:
“ಎಷ್ಟ್ ವರ್ಷ ಆತ್ರಿ ನೀವ್ ಇಲ್ಲಿಗಿ ಬಂದು?”

ಬಂದಿಲ್ಲ ಸಾರ್, ಇದ್ದೇನೆ, ಅಂದೆ.
ಬಂದವಳು ನನ್ನಜ್ಜಿ, ವಯನಾಡಿನಿಂದ, ಕಾಫಿ ಕುಯ್ಯಲು.
ಅವಳ ಹತ್ತಿರ ಇದ್ದ ಕಾಗದ
ಬೆಲ್ಲ ಕಟ್ಟಿದ್ದು ಒಂದೇ.

ನಕ್ಕರು. ಪರದೆ ನೋಡಿ ನಗು ನಿಲ್ಲಿಸಿದರು.
“ಸರ್ವರ್ ಇಲ್ಲ. ಕುಂದರ್ರಿ.”

ಕುಂತೆ.
ಸುಂಟಿಕೊಪ್ಪದಲ್ಲಿ ಬೆಂಚಿನ ಮೇಲೆ ಕೂತವರನ್ನು
ಯಾರೂ ಸುಮ್ಮನೆ ಬಿಡುವುದಿಲ್ಲ.
ದೇಚಮ್ಮಕ್ಕ ಬಂದವರೇ ತೊಡೆ ತಾಗಿಸಿ ಕೂತು
ನನ್ನ ಕುಪ್ಪಸ ಏನಾಯಿತು ಎಂದರು.
ಪರಿಚಯವಿಲ್ಲದ ಹುಡುಗಿಯೊಬ್ಬಳು
ಮಗುವನ್ನು ನನ್ನ ಮಡಿಲಿಗಿಟ್ಟು ಜೆರಾಕ್ಸಿಗೆ ಹೋದಳು,
ಹೆಸರೂ ಕೇಳದೆ.
ಮಗು ನನ್ನ ಅಳತೆಯ ಟೇಪು ಜಗಿಯಿತು
ಹದಿಮೂರನೇ ಇಂಚಿನಿಂದ.

ದರ್ಜಿ ನಾನು. ಈ ಊರಿನ ಭುಜಗಳೆಲ್ಲ
ನನ್ನ ಪುಸ್ತಕದಲ್ಲಿವೆ. ಯಾರದು ಎಡಕ್ಕೆ ಇಳಿದಿದೆ,
ಯಾರು ಈ ವರ್ಷ ಬಡವಾದರು, ಯಾರು ಎರಡು ಜೀವವಾದರು,
ಗಂಡನಿಗಿಂತ ಮೊದಲು ನನಗೆ ಗೊತ್ತು.
ಹಿಂದೆ ನೆರಿಗೆ ಹಿಡಿವ ಸೀರೆಗೆ ಉದ್ದ ತೋಳು,
ಇಗರ್ಜಿಯ ಹುಡುಗರಿಗೆ ಬಿಳಿ ನಿಲುವಂಗಿ, ಬುರ್ಖಾಕ್ಕೆ ಅಂಚು.
ಒಂದು ಕಾಜ ಮುಗಿಯುವಷ್ಟರಲ್ಲಿ
ಐದು ಭಾಷೆಯಲ್ಲಿ ಬೈಸಿಕೊಳ್ಳುತ್ತೇನೆ,
ಐದರಲ್ಲೂ ಉತ್ತರ ಕೊಡುತ್ತೇನೆ.

ಏನು ಹಿಡಿಸುತ್ತದೆ ಇಲ್ಲಿ, ಎಂದು ಯಾರಾದರೂ ಕೇಳಿದರೆ
ದೊಡ್ಡದೇನೂ ಹೊಳೆಯುವುದಿಲ್ಲ.
ಮೀನಿನ ಮೊಯ್ದು ನಮ್ಮ ಗ್ರೂಪಿನಲ್ಲಿ
ಬೆಳಿಗ್ಗೆ ಐದೂವರೆಗೆ ಹಾಕುವ ದನಿ:
ಏಳನೇ ಹೊಸಕೋಟೆ ಹತ್ತಿರ ಆನೆ ದಾಟುತ್ತಿದೆ, ಬೈಕಿನವರು ನಿಲ್ಲಿ.
ಅದೇ ಉಸಿರಿನಲ್ಲಿ: ಬಂಗುಡೆ ಬಂದಿದೆ.
ಮೂರು ರೂಪಾಯಿ ಚಿಲ್ಲರೆಯನ್ನು
ಟಿಕೆಟಿನ ಬೆನ್ನಿಗೆ ಗೀಚಿಕೊಡುವ ಕಂಡಕ್ಟರ್.
ಆ ಮೂರು ರೂಪಾಯಿ ಇಸಿದುಕೊಳ್ಳಲು ಮರೆಯುವ ನಾನು.
ಅಮ್ಮನನ್ನು ಸ್ಟಾಪಿನಲ್ಲಲ್ಲ,
ಹಲಸಿನ ಮರದ ಬುಡದಲ್ಲಿ ಇಳಿಸುವ ಡ್ರೈವರ್.
ಮಾರ್ಚಿಯ ಮೊದಲ ಮಳೆಯಾಗಿ ಒಂಬತ್ತನೇ ದಿನ
ಹೊಲಿಗೆ ಮಿಷನ್ನಿನ ಎಣ್ಣೆಯ ವಾಸನೆಯನ್ನೂ ಸೋಲಿಸಿ
ಒಳಗೆ ಬರುವ ಕಾಫಿ ಹೂವು.

ಎಲ್ಲ ಚಂದ ಅಂತಲ್ಲ.
ಕುಯ್ದು ಕುಯ್ದು ಬೆರಳಚ್ಚು ಸವೆದ ಅಮ್ಮ
ಪ್ರತಿ ತಿಂಗಳೂ ರೇಷನ್ ಮಿಷನ್ನಿಗೆ
ತಾನು ತಾನೇ ಎಂದು ನಂಬಿಸಬೇಕು.
ಗುಡ್ಡ ಜಾರಿದ ವರ್ಷ ಶಾಲೆಯ ಹಾಲಿನಲ್ಲಿ
ಪರದೆ ಕತ್ತರಿಸಿ ನೈಟಿ ಹೊಲಿದು ಕೊಟ್ಟೆ.
ಯಾವ ಜಾತಿ ಎಂದು ಮೂರು ದಿನ ಯಾರೂ ಕೇಳಲಿಲ್ಲ.
ನಾಲ್ಕನೇ ದಿನ ಕೇಳಿದರು.
ಆದರೂ ಆ ಮೂರು ದಿನ
ನನ್ನ ಕಣ್ಣೆದುರೇ ಇತ್ತು, ಸುಳ್ಳಲ್ಲ.

ಸರ್ವರ್ ಬಂತು, ಊಟದ ಹೊತ್ತಿಗೆ.
ಬಿಸಿಬಿಸಿ ಕಾಗದ ಹೊರಬಂತು: ಹತ್ತು ವರ್ಷಕ್ಕೂ ಮೇಲ್ಪಟ್ಟು
ಇಲ್ಲಿ ವಾಸವಾಗಿರುತ್ತಾರೆ ದೇವಯ್ಯ.
ದೇವಯಾನಿ ಸಾರ್, ಅಂದೆ. ಹೆಂಗಸು.
“ಅಯ್ಯ! ತಿದ್ದಾಕ ಬರಾಂಗಿಲ್ರಿ. ಬ್ಯಾರೇ ಅರ್ಜಿ ಹಾಕ್ರಿ, ನಾಳಿಗಿ ಬರ್ರಿ.”

ಎದ್ದೆ. ಅವರು ಕೆಮ್ಮಿ, ಸ್ವಲ್ಪ ತಡೆದು,
ಇಲ್ಲಿ ಕೋಟು ಹೊಲಿಯೋರು ಯಾರರೇ ಅದಾರೇನ್ರಿ ಎಂದರು.
ಒಳಗೆ ಹೋಗಿ ಬೆನ್ನು ತಿರುಗಿಸಿ ನಿಲ್ಲಿಸಿದೆ.
ಭುಜ ಹದಿನೇಳು. ತೋಳು ಇಪ್ಪತ್ತಮೂರೂವರೆ.
ಚಳಿಗೆ ಮೇಲೆತ್ತಿಯೇ ಹಿಡಿದಿದ್ದ ಭುಜ,
ಇಳಿಸಿ ಸಾರ್, ಎಂದು ತಟ್ಟಿ ಅಳೆಯಬೇಕಾಯಿತು.

ಪುಸ್ತಕದಲ್ಲಿ ಹೆಸರು ಬರೆದೆ, ದೀರ್ಘ ಒತ್ತು ಸರಿಯಾಗಿ.
ಊರು ಎಂಬಲ್ಲಿ ಸುಂಟಿಕೊಪ್ಪ ಎಂದು ಬರೆದೆ.
ದಾಖಲೆ ಕೇಳಲಿಲ್ಲ.
ಯಾವಾಗ ಕೊಡ್ತೀರಿ ಎಂದರು.
ಶುಕ್ರವಾರ ಅಂದೆ,
ಇಪ್ಪತ್ತೆರಡು ವರ್ಷದಿಂದ ಊರಿಗೆಲ್ಲ
ಹೇಳುತ್ತ ಬಂದ ಅದೇ ಶುಕ್ರವಾರ.